ಮೊಣಕಾಲಿಗಿಂತ ಕೆಳಗೆ

ಹತ್ತೊಂಬತ್ತು ವರ್ಷ, ದಾವಣಗೆರೆಯ ಮಂಡಿಪೇಟೆ, ಮಹಡಿ ಮೇಲಿನ ಅಂಗಡಿ.
ಎಷ್ಟು ಜೋಡಿಗಳನ್ನು ಸೇಬಿನೊಳಗೆ ಕೂರಿಸಿದ್ದೇನೆ,
ತಾವರೆ ಅರಳಿಸಿ ಅದರೊಳಗಿಂದ ಮಾವನ ಮುಖ ತೆಗೆದಿದ್ದೇನೆ,
ಪಾರಿವಾಳ ಹಾರಿಸಿ ಧಾರೆಯಿಂದ ಊಟಕ್ಕೆ ದಾಟಿದ್ದೇನೆ.
ಈಗ ಡ್ರೋನು. ಹಾರಿಸುವವನು ಇಸ್ಮಾಯಿಲ್.
ಮೇಲಿಂದ ನೋಡಿದರೆ ಎಲ್ಲ ಮದುವೆಯೂ ಒಂದೇ:
ಶಾಮಿಯಾನ, ಸಾಲು ಕಾರು, ನೀರಿನ ಟ್ಯಾಂಕು.

ದಾಕ್ಷಾಯಣಿ ಬಂದವಳು ಕೂರಲಿಲ್ಲ.
'ದುರ್ಗದ ಕೋಟ್ಯಾಗ ಓಡೋದು ಬ್ಯಾಡ,
ಗಾಜಿನಮನ್ಯಾಗ ಗಿರಗಿರ ತಿರುಗೋದು ಬ್ಯಾಡ,
ಅವ ನನ್ನ ಎತ್ತೋದಂತೂ ಬ್ಯಾಡೇ ಬ್ಯಾಡ,
ಅವನ ಸೊಂಟದ ಫಿಲ್ಮು ನಾನೇ ತೆಗ್ದೀನಿ.'
ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಹುಡುಗಿ.
'ನಾನು ದಿನಾ ಮಂದಿ ಒಳಗಿಂದು ತೆಗೀತೀನಿ,
ನೀವು ಹೊರಗಿಂದಾದ್ರೂ ನೆಟ್ಟಗೆ ತೆಗೀರಿ.
ನೋಡಿದವರು ನಗಬೇಕು. ಇನ್ನೊಂದ್ಸಲ ಹಾಕು ಅನ್ನಬೇಕು.'
ಐದು ಸಾವಿರ ಎಣಿಸಿಟ್ಟು ಹೋದಳು.

ಮೂರು ರಾತ್ರಿ ಡೈಲಾಗು ಬರೆದೆ, ಹರಿದೆ.
ಕೊಟ್ರೇಶನಿಗೆ ಕಪ್ಪು ಕನ್ನಡಕ ಹಾಕಿಸಿ ನೋಡಿದೆ,
ನೋಡಿ ತೆಗೆಸಿದೆ.

ಮದುವೆಯ ಬೆಳಿಗ್ಗೆ, ಉಪ್ಪಿಟ್ಟಿನ ಹೊತ್ತಿಗೆ, ಕಥೆ ತಾನಾಗಿ ನಡೆದು ಬಂತು,
ಅದೂ ಒಂದೇ ಕಾಲಲ್ಲಿ.
ಸೋದರಮಾವ ಹಾಲೇಶಪ್ಪನ ಎಡಗಾಲಿನ ಮೆಟ್ಟು ಕಾಣೆ!
ಮೊನ್ನೆ ತಂದದ್ದು. ಬಲಗಾಲಿನದನ್ನು ಎತ್ತಿ ಹಿಡಿದು
ಬಂದವರಿಗೆಲ್ಲ ತೋರಿಸುತ್ತಿದ್ದಾನೆ:
'ಎರಡೂ ಒಯ್ದಿದ್ರ ಕಳ್ಳ ಅಂತಿದ್ದೆ.
ಒಂದ ಒಯ್ದವಂಗ ಏನನ್ನಲಿ?'

ಕ್ಯಾಮೆರಾ ಕೆಳಗಿಳಿಸಿದೆ.
ಮೊಣಕಾಲಿಗಿಂತ ಮೇಲೆ ಏರಿಸೆನೆಂದು ಆಣೆ ಹಾಕಿಕೊಂಡೆ.
ಇಸ್ಮಾಯಿಲನಿಗೆ ಹೇಳಿದೆ, ಇವತ್ತು ಹಾರಿಸಬೇಡ, ತೆವಳು.

ಎಷ್ಟೊಂದು ಮದುವೆ ಇತ್ತು ಅಲ್ಲಿ!
ಕುರ್ಚಿಯ ಕೆಳಗೆ ಶೂ ಕಳಚಿದ ಸಾಹೇಬರು,
ಕಾಲ್ಚೀಲದ ತೂತಿಂದ ಇಣುಕುವ ಹೆಬ್ಬೆರಳು.
ಓಲಗದವನ ಪಾದ, ತಾಳಕ್ಕಿಂತ ಮುಂಚೆ ಹೊರಟು
ತಾಳಕ್ಕಾಗಿ ಕಾಯುವುದು.
ಬೀಗರ ಪಂಕ್ತಿಯ ಕೆಳಗೆ ಯಾರದೋ ಕೂಸು, ಒಂದು ಹಪ್ಪಳ, ಸಂಪೂರ್ಣ ಸಂತೋಷ.
ರೇಷ್ಮೆಯ ಅಂಚಿನಡಿ ಹಡೆದವ್ವನ ಹಿಮ್ಮಡಿ,
ಸೀಳುಗಳೊಳಗೆ ಅರಿಶಿನ ಕೂತು
ಬಂಗಾರದಂಗಡಿಯಲ್ಲಿ ಸಿಗದ ಬಂಗಾರ.
ನಡುನಡುವೆ ಚೌಕಟ್ಟನ್ನು ದಾಟಿ ಹೋಗುವ
ಒಂದು ಕೈ, ಒಂದು ಮೆಟ್ಟು.

ಮಾಂಗಲ್ಯದ ಗಳಿಗೆ, ಗಟ್ಟಿಮೇಳ.
ಅಕ್ಷತೆ ಮೇಲೆ ಏನು ಮಾಡಿತೋ ಕಾಣೆ,
ಕೆಳಗೆ ಬಂದು ಪುಟಿಯಿತು.
ದಾಕ್ಷಾಯಣಿಯ ಹತ್ತೂ ಬೆರಳು ಒಮ್ಮೆಲೇ ಮುದುಡಿ
ಆಮೇಲೆ ಒಂದೊಂದಾಗಿ ಬಿಚ್ಚಿಕೊಂಡವು.
ಅವಳ ಮುಖ ಹೇಗಿತ್ತೆಂದು ನನ್ನ ಕೇಳಬೇಡಿ.

ಹೆಣ್ಣೊಪ್ಪಿಸಿಕೊಡುವ ಸಂಜೆ ಸಿಕ್ಕಿತು.
ಕರಿಬಸಪ್ಪಜ್ಜನ ಕಾಲಲ್ಲಿ.
ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ನಿಂತ ಕಾಲು,
ನಿಂತದ್ದು ಗಿರಣಿಯೇ ಮೊದಲು.
ಬಲಕ್ಕೆ ತನ್ನದೇ ಸವೆದ ಎಕ್ಕಡ,
ಎಡಕ್ಕೆ ಹಾಲೇಶಪ್ಪನದು, ಮಿರಮಿರ.
ಬೆಳಗಿನಿಂದ. ಅಜ್ಜನಿಗೆ ಗೊತ್ತೇ ಇಲ್ಲ.

ಕಾರು ಹೊರಟಿತು. ಕಾಲುಗಳೆಲ್ಲ ನಿಂತವು.
ಜೋಡಿಯಲ್ಲದ ಆ ಜೋಡಿ ಮಾತ್ರ
ನಾಲ್ಕು ಹೆಜ್ಜೆ ಹಿಂದೆ ಹೋಯಿತು.
ಧೂಳು ಕೂತ ಮೇಲೂ ಅಲ್ಲೇ ಇತ್ತು.

ಎರಡು ಬರಿಗಾಲು ಬಂದು ಪಕ್ಕ ನಿಂತವು,
ಏನೋ ಅನ್ನಲು ಬಂದವು, ಅನ್ನಲಿಲ್ಲ.
ಆಮೇಲೆ ಒಂದು ಕೈ ಇಳಿದು
ಬಲಗಾಲಿನದನ್ನೂ ಅಜ್ಜನ ಮುಂದೆ ಇಟ್ಟಿತು.

ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಎಡಿಟ್ ಮಾಡಿದೆವು,
ಕೀಬೋರ್ಡೆಲ್ಲ ಎಣ್ಣೆ. ಇಸ್ಮಾಯಿಲ್ ಮೂಗೊರೆಸಿಕೊಂಡು, ಖಾರ, ಅಂದ.
ಹಡೆದವ್ವನ ಫೋನು ಮೊದಲು ಬಂತು:
'ಹದಿನೆಂಟು ಸಾವಿರದ ಸೀರಿ, ಬರೇ ಅಂಚು ತೆಗ್ದೀಯಲ್ಲೋ!'
ಮಗಳದು ರಾತ್ರಿ: 'ಮೂರನೇ ಸಲ ನೋಡಾಕತ್ತೀವಿ.
ಬಾಕಿ ದುಡ್ಡು ಅಜ್ಜ ತರ್ತಾನ.'

ಈಗ ಮಹಡಿಯ ಮೆಟ್ಟಿಲಲ್ಲಿ ಯಾರೋ.
ನಿಧಾನ, ಒಂದೊಂದೇ.
ಕಿರ್ರ್ ಅನ್ನುತ್ತಿವೆ ಎರಡೂ,
ಹೊಸವು.